ಗುರುಗಳ ಕಾರಿನಲ್ಲಿ ಕೂಡುವ ವಿದ್ಯೆ

ಕೊಟ್ಟವರನ್ನು ನೆನೆದರೆ ಕಣ್ಣು ತುಂಬಿ ಬರುವಂಥ ವಸ್ತು ಒಂದಾದರೂ ಎಲ್ಲರ ಮನೆಯಲ್ಲೂ ಇರುತ್ತದೆ. ಅದು ಗೋಡೆ ಗಡಿಯಾರವಾಗಿರಬಹುದು, ಫೌಂಟನ್ ಪೆನ್ನಾಗಿರಬಹುದು, ಅತ್ತೆ ಕೊಟ್ಟ ತಾಮ್ರದ ಹಂಡೆಯೂ ಆಗಿರಬಹುದು. ನನ್ನ ಪಾಲಿಗೆ ಅದು ಒಂದು ಕಾರು. ಅದರೊಳಗೆ ಕುಳಿತಾಗಲೆಲ್ಲ ನನ್ನ ಕಣ್ಣು ತಪ್ಪದೆ ತುಂಬುತ್ತಿತ್ತು. ಆದರೆ ಆ ನೀರಿನಲ್ಲಿ ಕೃತಜ್ಞತೆಯದೆಷ್ಟು, ಬೆನ್ನುನೋವಿನದೆಷ್ಟು ಎಂದು ವಿಂಗಡಿಸಿ ಹೇಳುವುದು ವೈದ್ಯನಾದ ನನಗೂ ಸಾಧ್ಯವಿರಲಿಲ್ಲ. ನನ್ನ ಎತ್ತರ ಆರಡಿ ಎರಡಿಂಚು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಹುನಗುಂದದಲ್ಲಿ ಹೊಸದಾಗಿ ದವಾಖಾನೆ ತೆರೆದಿದ್ದೆ. ನನ್ನ ಬಳಿ ಒಂದು ಸ್ಟೆತಾಸ್ಕೋಪು, ಒಂದು ಸೈಕಲ್ಲು ಮತ್ತು ಬೇಕಾದಷ್ಟು ಉತ್ಸಾಹ ಇದ್ದವು. ಹಳ್ಳಿಯಿಂದ ಕರೆ ಬಂದರೆ ಸೈಕಲ್ ತುಳಿಯುತ್ತಿದ್ದೆ. ದೂರವಾದರೆ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬರುವ ಹೊತ್ತಿಗೆ ಕೆಲವು ಕೂಸುಗಳು ನನ್ನ ಸಹಾಯವಿಲ್ಲದೆಯೇ ಹುಟ್ಟಿ, ತೊಟ್ಟಿಲಲ್ಲಿ ಮಲಗಿ, ನನ್ನನ್ನೇ ಪಿಳಿಪಿಳಿ ನೋಡುತ್ತಿದ್ದವು. ಈ ಸುದ್ದಿ ಹೇಗೋ ಹುಬ್ಬಳ್ಳಿಯಲ್ಲಿದ್ದ ನಮ್ಮ ಇನಾಮದಾರ ಸರ್ ಕಿವಿಗೆ ಬಿತ್ತು. ಇನಾಮದಾರ ಸರ್ ನನಗೆ ಸರ್ಜರಿ ಕಲಿಸಿದವರು. ಕಲಿಸಿದವರು ಎಂದರೆ ಸಾಲದು. ನಾನು ಓದುವಾಗ ಹಾಸ್ಟೆಲಿನ ಊಟ ನನಗೆ ಹತ್ತದೆ ಸೊರಗಿದ್ದನ್ನು ಕಂಡು, ಎರಡು ವರ್ಷ ಪ್ರತಿ ರವಿವಾರ ಮನೆಗೆ ಕರೆದು ಊಟಕ್ಕೆ ಹಾಕಿದವರು. ಪರೀಕ್ಷೆಯಲ್ಲಿ ನಾನು ನಪಾಸಾದಾಗ ಬೈಯದೆ, "ಕೈ ಛೊಲೋ ಅವ, ತಲಿ ಸ್ವಲ್ಪ ನಿಧಾನ. ನಡೀತದ" ಎಂದು ಬೆನ್ನು ತಟ್ಟಿದವರು. ನನ್ನ ತಂದೆ ನನಗೆ ಜನ್ಮ ಕೊಟ್ಟರು; ಇನಾಮದಾರ ಸರ್ ಕೊಟ್ಟದ್ದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಅವರೇ ಒಂದು ದಿನ ನನ್ನನ್ನು ಹುಬ್ಬಳ್ಳಿಗೆ ಕರೆಸಿ, ಅಂಗಳದಲ್ಲಿ ನಿಂತಿದ್ದ ಹಸಿರು ಬಣ್ಣದ ಪುಟ್ಟ ಕಾರಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ನನಗಿನ್ನ ಕಣ್ಣು ಮಂದ ಆಗ್ಯಾವ. ನೀ ತೊಗೊಂಡು ಹೋಗು. ಸೈಕಲ್ ಮ್ಯಾಲ ಹೋಗಿ ಹೆರಿಗಿ ಮಾಡಸೂದು ಸಾಕು" ಎಂದರು. ಅದು ಸ್ಪೋರ್ಟ್ಸ್ ಕಾರು. ಇಬ್ಬರಿಗಷ್ಟೇ ಜಾಗ, ಮೇಲೆ ಮಡಿಚಿಡುವ ಕ್ಯಾನ್ವಾಸಿನ ಹೊದಿಕೆ, ನೆಲದಿಂದ ಗೇಣು ಎತ್ತರ. ಹಿಂದೊಮ್ಮೆ ಒಬ್ಬ ಇಂಗ್ಲಿಷ್ ಸರ್ಜನ್ ತರಿಸಿದ್ದನಂತೆ. ಅವನು ತನ್ನ ದೇಶಕ್ಕೆ ಹೋಗುವಾಗ ತನ್ನ ಕೈಕೆಳಗೆ ಕೆಲಸ ಕಲಿತ ನಮ್ಮ ಸರ್‌ಗೆ ಕೊಟ್ಟು ಹೋಗಿದ್ದನಂತೆ. ನಾನು ಸರ್ ಪಾದ ಮುಟ್ಟಿ, ಆಮೇಲೆ ಕಾರಿನ ಸೀಟನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡು, ಒಳಗೆ ಕೂಡಲು ಹೋದೆ. ತೊಂದರೆ ಶುರುವಾದದ್ದು ಅಲ್ಲಿಂದ.

ಎಡಗಾಲು ಒಳಗೆ ಹೋಯಿತು. ಬಲಗಾಲೂ ಹೋಯಿತು. ಆದರೆ ಎರಡೂ ಕಾಲು ಒಳಗಿದ್ದಾಗ ನಾನು ಒಳಗಿರಲಿಲ್ಲ. ನಾನು ಒಳಗೆ ಬಂದಾಗ ಮೊಣಕಾಲುಗಳಿಗೆ ಜಾಗವಿರಲಿಲ್ಲ. ಕೊನೆಗೆ ಸ್ಟೇರಿಂಗಿನ ಆಚೆಗೊಂದು ಈಚೆಗೊಂದು ಮೊಣಕಾಲಿಟ್ಟು, ಗದ್ದವನ್ನು ಅದರ ನಡುವೆ ಇಳಿಬಿಟ್ಟು, ತಲೆಯನ್ನು ಕ್ಯಾನ್ವಾಸಿಗೆ ಒತ್ತಿ ಹೇಗೋ ಕುಳಿತೆ. ಸರ್ ಬಾಗಿಲ ಬಳಿ ನಿಂತು, "ಹ್ಯಾಂಗದ?" ಎಂದು ಕೇಳಿದರು. ನಾನು, "ಭಾಳ ಛಂದ ಅದ ಸರ್" ಎಂದೆ. ಉಸಿರಾಡಲು ಜಾಗವಿದ್ದಿದ್ದರೆ ಇನ್ನೂ ನಾಲ್ಕು ಮಾತು ಹೊಗಳುತ್ತಿದ್ದೆ. ಹಾಗೆಯೇ ನವಲಗುಂದ, ನರಗುಂದ ದಾಟಿ ಬಾಗಲಕೋಟೆ ಸೇರಿದೆ. ಅಲ್ಲಿ ನನ್ನ ಮಾವನವರ ಮನೆ. ಅಳಿಯ ಕಾರು ತಂದಿದ್ದಾನೆಂದು ಕೇಳಿ ಓಣಿಯ ಜನರನ್ನೆಲ್ಲ ಕರೆದುಕೊಂಡು ಹೊರಬಂದ ಮಾವನವರು, ಕಾರನ್ನು ಒಂದು ಸುತ್ತು ಹಾಕಿ, "ಉಳಿದದ್ದು ಯಾವಾಗ ಬರ್ತೈತ್ರಿ?" ಎಂದು ಗಂಭೀರವಾಗಿ ಕೇಳಿದರು. ತವರಿಗೆ ಬಂದಿದ್ದ ನನ್ನ ಹೆಂಡತಿ ಸುಶೀಲಾ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು.

ಹುನಗುಂದದಲ್ಲಿ ಅದಕ್ಕೆ ಬಿದ್ದ ಹೆಸರು ಕಾಲ್ಮರಿ. ನಮ್ಮ ಕಡೆ ಚಪ್ಪಲಿಗೆ ಹಾಗೆನ್ನುತ್ತಾರೆ. "ಡಾಕ್ಟ್ರ ಕಾಲ್ಮರಿ ಬಂತು ನೋಡು" ಎಂದರೆ ನಾನು ಬಂದೆ ಎಂದೇ ಅರ್ಥ. ದಾರಿಯಲ್ಲಿ ಚಕ್ಕಡಿ ಎದುರಾದರೆ ಎತ್ತುಗಳು ಬಾಗಿ ನನ್ನ ಮುಖವನ್ನು ಹತ್ತಿರದಿಂದ ನೋಡಿ ಮುಂದೆ ಹೋಗುತ್ತಿದ್ದವು. ಅದೆಲ್ಲ ಇರಲಿ. ಇಳಕಲ್ಲಿಗೆ ವಾರಕ್ಕೆರಡು ಸಲ ಹೋಗುತ್ತಿದ್ದೆ. ಆ ರಸ್ತೆ ಹೆಚ್ಚುಕಡಿಮೆ ನೇರವಾಗಿದ್ದುದರಿಂದ ಬದುಕಿದೆ. ತಿರುವು ಬಂತೆಂದರೆ ಸ್ಟೇರಿಂಗು ಮೊಣಕಾಲಿಗೆ ಸಿಕ್ಕಿಕೊಳ್ಳುತ್ತಿತ್ತು. ಎಡಕ್ಕೆ ತಿರುಗಬೇಕಾದರೆ ಬಲಮೊಣಕಾಲನ್ನು ಬಾಗಿಲಾಚೆ ಕಳಿಸಬೇಕು, ಬಲಕ್ಕೆ ತಿರುಗಬೇಕಾದರೆ ದೇವರನ್ನು ನೆನೆಯಬೇಕು. ಎರಡು ತಿಂಗಳಲ್ಲಿ ನನ್ನ ಬೆನ್ನು ಬಾಗಿ, ರೋಗಿಗಳು ನನ್ನನ್ನು ನೋಡಿದ ಕೂಡಲೇ ಎದ್ದು ತಮ್ಮ ಕುರ್ಚಿ ಬಿಟ್ಟುಕೊಡತೊಡಗಿದರು.

ಇಷ್ಟಕ್ಕೆಲ್ಲ ಕಾರಣ ಒಂದು ಕಟ್ಟಿಗೆಯ ತುಂಡು. ಸೀಟು ಹಿಂದೆ ಮುಂದೆ ಸರಿಯುವಂಥದ್ದೇ. ಆದರೆ ಅದನ್ನು ಪೂರ್ತಿ ಮುಂದಕ್ಕೆ ತಂದು, ಹಿಂದಕ್ಕೆ ಸರಿಯದಂತೆ ಅದರ ಬೆನ್ನಿಗೆ ಒಂದು ತೇಗದ ತುಂಡನ್ನು ನೆಲಕ್ಕೆ ಎರಡು ಬೋಲ್ಟ್ ಹಾಕಿ ಬಿಗಿದಿದ್ದರು. ನುಣ್ಣಗೆ ಪಾಲಿಶ್ ಮಾಡಿದ ಒಳ್ಳೆಯ ತುಂಡು. ಹುನಗುಂದದ ಬಸ್ ಸ್ಟ್ಯಾಂಡಿನ ಹತ್ತಿರ ಮೆಹಬೂಬ್ ಮಿಸ್ತ್ರಿಯ ಗ್ಯಾರೇಜು ಇತ್ತು. ಅವರು ಒಮ್ಮೆ ಬಗ್ಗಿ ನೋಡಿ, "ಡಾಕ್ಟರ್ ಸಾಬ್, ಎರಡು ಬೋಲ್ಟಿನ ಮಾತು. ಚಾ ಹೇಳ್ರಿ, ಚಾ ಬರೂದ್ರಾಗ ತಗೀತೇನಿ" ಎಂದು ಬೋಲ್ಟ್ ಬಿಚ್ಚುವ ಪಾನಾ ಎತ್ತಿದರು. ನಾನು ಅವರ ಕೈ ಹಿಡಿದೆ. ಇನಾಮದಾರ ಸರ್ ಎತ್ತರ ಐದಡಿ ಒಂದಿಂಚು. ಪಾಪ, ಅವರ ಕಾಲಿಗೆ ಪೆಡಲ್ ಸಿಗಲೆಂದು ಅವರೇ ಅಳತೆ ನೋಡಿ ಇಟ್ಟುಕೊಂಡ ತುಂಡು ಅದು. ಅವರು ಹನ್ನೆರಡು ವರ್ಷ ಕುಳಿತ ಜಾಗ. ಗುರುಗಳು ಕೂಡುವ ಆಸನದಲ್ಲಿ ಶಿಷ್ಯ ಕೂಡುವುದೇ ತಪ್ಪು. ಕೂತದ್ದಲ್ಲದೆ ಅದನ್ನು ಕಿತ್ತು ಹಿಂದಕ್ಕೆ ತಳ್ಳುವುದೆ? "ಬ್ಯಾಡ ಮಿಸ್ತ್ರಿ, ಅದು ನಮ್ಮ ಸರ್ ಇಟ್ಟದ್ದು" ಎಂದೆ. ಇಂಜೆಕ್ಷನ್ ಬೇಡ, ಅಂತ್ರ ಕಟ್ಟಿಸಿಕೊಳ್ಳುತ್ತೇನೆ ಎನ್ನುವ ರೋಗಿಯನ್ನು ನಾನು ಹೇಗೆ ನೋಡುತ್ತೇನೋ, ಮಿಸ್ತ್ರಿ ನನ್ನನ್ನು ಹಾಗೆ ನೋಡಿದರು.

ಸುಶೀಲಾ ಕೂಡ ಹೇಳಿದಳು: "ನಿಮ್ಮ ಸರ್ ಭಾಳ ಶಾಣ್ಯಾರು. ನೀವು ಹಿಂಗ ಮುದುಡಿ ಕುಂದ್ರೂದು ನೋಡಿದ್ರ ಅವರೇ ಆ ತುಂಡು ಕಿತ್ತು ಹೊರಗ ಹಾಕ್ತಾರ." ನಾನು ಅವಳಿಗೆ ಗುರುಭಕ್ತಿಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಭಾಷಣ ಮುಗಿಯುವವರೆಗೆ ಅವಳು ನನ್ನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಸರ್‌ಗೆ ಒಂದು ಪತ್ರ ಬರೆದು ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬರೆಯಲು ಕುಳಿತೆ. ಏನೆಂದು ಬರೆಯಲಿ? ನೀವು ಕೊಟ್ಟ ಕಾರು ನನಗೆ ಚುಚ್ಚುತ್ತದೆ ಎಂದೆ? ಪ್ರೀತಿಯಿಂದ ಕೊಟ್ಟವರಿಗೆ ತಮ್ಮ ಉಡುಗೊರೆ ಶಿಷ್ಯನಿಗೆ ಶಿಕ್ಷೆಯಾಗಿದೆ ಎಂದು ಗೊತ್ತಾಗಬಾರದು. ನನ್ನ ಬೆನ್ನು ಹೋದರೂ ಚಿಂತೆಯಿಲ್ಲ, ಅವರ ಮನಸ್ಸು ನೋಯಬಾರದು ಎಂದು ಪೆನ್ನಿನ ಮುಚ್ಚಳ ಹಾಕಿದೆ. ನಿಜವಾಗಿಯೂ ನನಗೆ ಅದೊಂದೇ ಭಯವಿತ್ತು.

ಕಾರಿನಿಂದ ಇಳಿಯುವ ವಿಧಾನವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಉದ್ಧಾರ ಆದದ್ದು ಅದರಿಂದಲೇ. ಮೊದಲು ಬಾಗಿಲು ತೆಗೆದು ಎರಡೂ ಕೈಯನ್ನು ಹೊರಗೆ ನೆಲದ ಮೇಲೆ ಊರಬೇಕು. ಆಮೇಲೆ ಮೈಯನ್ನು ಮುಂದಕ್ಕೆ ಎಳೆದುಕೊಂಡು, ಮೊಣಕಾಲ ಮೇಲೆ ಬಂದು, ಸ್ವಲ್ಪ ದಣಿವಾರಿಸಿಕೊಂಡು ಏಳಬೇಕು. ಒಂದು ದಿನ ಇಳಕಲ್ಲಿನ ನೇಕಾರರ ಓಣಿಯಲ್ಲಿ ಈರಪ್ಪನ ಮನೆ ಮುಂದೆ ಕಾರು ನಿಲ್ಲಿಸಿ ಹೀಗೆ ಇಳಿಯುತ್ತಿದ್ದೆ. ಈರಪ್ಪ ಅರವತ್ತರ ಹತ್ತಿರದ ನೇಕಾರ. ಅವನ ತಾಯಿಗೆ ಕೆಮ್ಮು ಎಂದು ಕರೆಸಿದ್ದ. ಎಂಬತ್ತು ದಾಟಿದ ಆ ಅಜ್ಜಿ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಕೈಯೂರಿ, ಮೊಣಕಾಲೂರಿ, ತಲೆ ತಗ್ಗಿಸಿ ಅವಳ ಪಾದದ ಮುಂದೆಯೇ ಬಂದು ತಲುಪಿದೆ. ಅಜ್ಜಿ ಒಂದು ಕ್ಷಣ ಗಾಬರಿಯಾಗಿ, ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ನೂರು ವರ್ಷ ಬಾಳಪಾ ನನ್ನ ಮಗನ. ಇಷ್ಟ ಓದಿದ್ರೂ ಎಷ್ಟ ಭಯಭಕ್ತಿ!" ಎಂದಳು. ಓಣಿಯ ಹೆಂಗಸರೆಲ್ಲ ಮೆಚ್ಚಿಕೊಂಡು ನೋಡಿದರು. ನನಗೆ ಏಳಲು ಬರುತ್ತಿರಲಿಲ್ಲವಾದ್ದರಿಂದ ಆಶೀರ್ವಾದವನ್ನು ಪೂರ್ತಿ ಪಡೆದುಕೊಂಡೆ.

ಅಜ್ಜಿ ನಂಬಿದಳು, ಈರಪ್ಪ ನಂಬಲಿಲ್ಲ. ಅವನು ಬಾಗಿಲಲ್ಲೇ ನಿಂತು ಎಲ್ಲ ನೋಡಿದ್ದ. ಅಜ್ಜಿಯ ಎದೆ ಪರೀಕ್ಷಿಸಿ ಔಷಧಿ ಬರೆದುಕೊಟ್ಟ ಮೇಲೆ, ರೂಢಿಯಂತೆ ನಾನು ಅವನಿಗೂ ಉಪದೇಶ ಶುರು ಮಾಡಿದೆ. ನೇಕಾರರು ದಿನವಿಡೀ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂಡುವುದರಿಂದ ಬೆನ್ನು ಹಾಳಾಗುತ್ತದೆ, ತಾಸಿಗೊಮ್ಮೆ ಎದ್ದು ಅಡ್ಡಾಡಬೇಕು ಎಂದೆಲ್ಲ ಹೇಳಿದೆ. ಹೇಳುವಾಗ ನನ್ನ ಒಂದು ಕೈ ನನ್ನ ಸೊಂಟದ ಮೇಲಿತ್ತು. ಈರಪ್ಪ ಸಮಾಧಾನದಿಂದ ಕೇಳಿ, "ನಲವತ್ತೈದು ವರ್ಷ ಆತ್ರಿ ಕುಣ್ಯಾಗ ಕುಂದರಾಕತ್ತು. ನನಗ ಬೆನ್ನು ಬ್ಯಾನಿ ಇಲ್ಲ. ನಿಮಗ ಐತಿ. ನಿಮ್ಮ ಗಾಡ್ಯಾಗ ಏನೋ ತಪ್ಪೈತ್ರಿ" ಎಂದ.

ನಾನು ಅವನಿಗೆ ಎಲ್ಲ ಹೇಳಿಬಿಟ್ಟೆ. ಕಾರು ಕೊಟ್ಟ ಗುರುಗಳ ಕಥೆ, ಕಟ್ಟಿಗೆ ತುಂಡಿನ ಕಥೆ, ತೆಗೆದರೆ ಅವರಿಗೆ ಅವಮಾನವಾಗುತ್ತದೆಂಬ ನನ್ನ ಸಂಕಟ. ಈರಪ್ಪ ನನ್ನನ್ನು ಒಳಗೆ ಕರೆದೊಯ್ದು ತನ್ನ ಮಗ್ಗದ ಕುಣಿ ತೋರಿಸಿ, "ಒಮ್ಮಿ ಇಳದು ಕುಂದರ್ರಿ" ಎಂದ. ಅರ್ಧ ನೇಯ್ದ ಸೀರೆಯ ಮುಂದೆ, ನೆಲದ ಅಂಚಿನ ಮೇಲೆ ಕುಳಿತು ಕುಣಿಯಲ್ಲಿ ಕಾಲಿಳಿಸಿದೆ. ಮೊಣಕಾಲು ನೇರ ಬಂದು ಗದ್ದಕ್ಕೆ ತಾಗಿತು. ಕಾರಿನಲ್ಲಿ ಹೇಗೋ ಇಲ್ಲೂ ಹಾಗೇ. ಈರಪ್ಪ ತಲೆಯಾಡಿಸಿದ.

"ಇದು ನನ್ನ ಕಾಲಿನ ಅಳತಿ. ನಿಮಗ ಬರೂದಿಲ್ಲ. ನಮ್ಮಪ್ಪ ನಿಮ್ಮಷ್ಟ ಎತ್ತರ ಇದ್ದ. ಅವ ಕುಂತಾಗ ಕುಣಿ ಇನ್ನೂ ಒಂದು ಗೇಣು ಆಳ ಇತ್ತು. ಅವ ಹೋದ ಮ್ಯಾಲ ಮಗ್ಗ ನನಗ ಬಂತು. ನನ್ನ ಕಾಲು ಕೆಳಗ ತುಳಿಯೂ ಹಲಗಿಗೆ ಮುಟ್ಟವಲ್ವು. ಮಗ್ಗಕ್ಕ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡದು, ಕುಣಿಗೆ ಗೇಣು ಮಣ್ಣು ತುಂಬಿ, ಸಾರಿಸಿ ಕುಂತೆ. ನಮ್ಮ ಮಂದಿ ಎಲ್ಲಾರೂ ಹಂಗ ಮಾಡೂದ್ರಿ. ಮಗ್ಗ ಅಪ್ಪಂದು. ಅದಕ್ಕ ದಿನಾ ಕೈ ಮುಗೀತೇನಿ. ಕುಣಿ ನಂದು."

"ನಿಮ್ಮಪ್ಪ ಕುಂತ ಜಾಗಾ ಮುಚ್ಚಾಕ ನಿನಗ ಕೆಟ್ಟ ಅನಸಲಿಲ್ಲೇನೋ?" ಎಂದು ಕೇಳಿದೆ.

ಈರಪ್ಪನಿಗಿಂತ ಮೊದಲು ಕಟ್ಟೆಯ ಮೇಲಿನ ಅಜ್ಜಿ ಕೆಮ್ಮುತ್ತಲೇ ಉತ್ತರ ಕೊಟ್ಟಳು: "ಏನು ಕೆಟ್ಟ? ಕಾಲು ಮುಟ್ಟದ ನೇಯ್ದಿದ್ರ ಸೀರಿ ಕೆಡತಿತ್ತು. ಸೀರಿ ಕೆಟ್ರ ಹೆಸರು ಯಾರದು ಹೋಗತಿತ್ತು? ಅವರಪ್ಪಂದ ಅಲ್ಲೇನು?"

ನಾನು ಕುಣಿಯೊಳಗೆ ಕುಳಿತೇ ಇದ್ದೆ. ವೈದ್ಯಕೀಯದಲ್ಲಿ ನಪಾಸಾದಾಗ ಕೂಡ ನನ್ನ ತಲೆ ನಿಧಾನವೆಂದು ಇಷ್ಟು ಸ್ಪಷ್ಟವಾಗಿ ಯಾರೂ ತೋರಿಸಿಕೊಟ್ಟಿರಲಿಲ್ಲ. ಡಾಕ್ಟರು ಗೂನಾಗಿ, ತಡವಾಗಿ, ಮುಲುಗುತ್ತ ರೋಗಿಯ ಮನೆ ಸೇರಿದರೆ ಹೆಸರು ಕೆಡುವುದು ಕಾರು ಕೊಟ್ಟವರದೇ ಎಂದು ನನಗೆ ಹೊಳೆದೇ ಇರಲಿಲ್ಲ. ಈರಪ್ಪ ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಮೇಲೆತ್ತಿದ.

ಅವನು ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಸಂತೆಯ ದಿನ ತಾನೇ ಹುನಗುಂದಕ್ಕೆ ಬಂದು, ಮಿಸ್ತ್ರಿಯ ಗ್ಯಾರೇಜಿನ ಗೋಡೆಗೆ ನನ್ನನ್ನು ಆನಿಸಿ ಕೂಡಿಸಿದ. ಕಾಲು ಚಾಚಲು ಹೇಳಿ ಹಿಮ್ಮಡಿಯ ಹತ್ತಿರ ಸೀಮೆಸುಣ್ಣದ ಗೆರೆ ಎಳೆದ. ಮೊಣಕೈಯಿಂದ ಬೆರಳ ತುದಿಯವರೆಗೆ ಗೇಣು ಹಾಕಿದ. "ಲಾಳಿ ಒಗಿಯೂ ಮುಂದ ಮೊಣಕೈ ಪಕ್ಕೆಲುಬಿಗೆ ಹತ್ತಿ ಇರಬೇಕ್ರಿ. ಭುಜ ಮ್ಯಾಲೇಳಬಾರ್ದು. ಕಾಲು ನೋಡದ ಹಲಗಿ ಹುಡಕಬೇಕು" ಎಂದು ಮಿಸ್ತ್ರಿಗೆ ವಿವರಿಸಿದ. ಮಿಸ್ತ್ರಿ, "ಅದನ್ನ ನಾನೂ ಹೇಳಿದ್ನಲ್ಲ" ಎಂದು ಗೊಣಗುತ್ತ, ಚಾ ಬರುವುದರೊಳಗೆ ಎರಡು ಬೋಲ್ಟ್ ತೆಗೆದರು. ತುಂಡು ಕೈಗೆ ಬಂತು. ಆದರೂ ಮೊಣಕಾಲು ಇನ್ನೂ ಎರಡು ಬೆರಳು ಸ್ಟೇರಿಂಗಿಗೆ ತಾಗುತ್ತಿತ್ತು. ಈರಪ್ಪ ಒಳಗೆ ಕೈ ಹಾಕಿ ನೋಡಿ, "ನೀವು ಮ್ಯಾಲೆ ಕುಂತೀರಿ. ಕೆಳಗಿಳೀರಿ" ಎಂದ. ಸೀಟಿನ ದಪ್ಪ ಮೆತ್ತೆ ತೆಗೆಸಿ, ಅದರ ಜಾಗಕ್ಕೆ ತನ್ನ ತಾಯಿ ಹಳೆಯ ಸೀರೆಗಳಿಂದ ಹೊಲಿದ ಒಂದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ. ಅದನ್ನು ಅಜ್ಜಿಯೇ ಕೊಟ್ಟು ಕಳಿಸಿದ್ದಳು, ಅಷ್ಟು ಭಯಭಕ್ತಿಯ ಡಾಕ್ಟರಿಗೆ ಇರಲಿ ಎಂದು.

ಒಳಗೆ ಕುಳಿತೆ. ಕಾಲು ನೀಳವಾಗಿ ಮುಂದಕ್ಕೆ ಹೋಯಿತು. ಬೆನ್ನು ಹಿಂದಕ್ಕೆ ಒರಗಿತು. ಕೈ ತಾನಾಗಿ ಸ್ಟೇರಿಂಗಿನ ಮೇಲೆ ಬಿತ್ತು. ನನ್ನ ತಲೆಗೂ ಕ್ಯಾನ್ವಾಸಿಗೂ ನಡುವೆ ಮೊದಲ ಬಾರಿ ಗಾಳಿ ಆಡಿತು. ಅವತ್ತು ಸಂಜೆ ಇಳಕಲ್ ರಸ್ತೆಯಲ್ಲಿ ಹೋಗುವಾಗ, ಆ ಕಾರಿನಲ್ಲಿ ಒಂದು ಕಿಟಕಿಯಿದೆ, ಕಿಟಕಿಯಾಚೆ ಜೋಳದ ಹೊಲಗಳಿವೆ ಎಂದು ನನಗೆ ತಿಳಿಯಿತು. ಅಲ್ಲಿಯವರೆಗೆ ನಾನು ನೋಡಿದ್ದು ನನ್ನ ಮೊಣಕಾಲುಗಳನ್ನು ಮಾತ್ರ. ಆ ಮಳೆಗಾಲದಲ್ಲಿ ಅಮೀನಗಡದ ಆಚೆಯ ಒಂದು ಹಳ್ಳಿಗೆ ಹೆರಿಗೆಗೆ ಹೋದವನು ಸರಿಯಾದ ಹೊತ್ತಿಗೆ ತಲುಪಿದೆ. ತಾಯಿ ಕೂಸು ಇಬ್ಬರೂ ಉಳಿದರು. ಸೈಕಲ್ಲಿನಲ್ಲೋ, ಕಟ್ಟಿಗೆ ತುಂಡಿನ ಜೊತೆಗೋ ಹೋಗಿದ್ದರೆ ಉಳಿಯುತ್ತಿರಲಿಲ್ಲ. ಮರಳಿ ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿ, ಸರ್‌ಗೂ ಈರಪ್ಪನಿಗೂ ಮನಸ್ಸಿನಲ್ಲೇ ಕೈ ಮುಗಿದೆ. ಕಣ್ಣು ತುಂಬಿತು. ಈ ಸಲ ಬೆನ್ನಿನ ಪಾಲು ಅದರಲ್ಲಿ ಇರಲಿಲ್ಲ.

ಹೀಗೆ ಎಂಟು ತಿಂಗಳು ಸುಖವಾಗಿದ್ದೆ. ಆಗ ಸರ್ ಪತ್ರ ಬಂತು. ರಿಟೈರ್ ಆಗಿದ್ದೇನೆ, ಬರುವ ಶನಿವಾರ ರೈಲಿನಲ್ಲಿ ಬಾದಾಮಿಗೆ ಬರುತ್ತೇನೆ, ನೀನು ಸ್ಟೇಶನ್ನಿಗೆ ನಮ್ಮ ಕಾರು ತಗೊಂಡು ಬಾ, ಪಟ್ಟದಕಲ್ಲು ನೋಡೋಣ, ಆ ಕಾರಿನ ಎಡಗಡೆ ಸೀಟಿನಲ್ಲಿ ನಾನು ಒಂದು ದಿನವೂ ಕೂತಿಲ್ಲ, ನೀನು ನಡೆಸುವುದನ್ನು ನೋಡುವ ಆಸೆ, ಎಂದು ಬರೆದಿದ್ದರು. ನಾನು 'ನಮ್ಮ ಕಾರು' ಎಂಬಲ್ಲಿಗೆ ಬಂದು ಬೆವತೆ. ಈರಪ್ಪನ ಕುಣಿ, ಅಜ್ಜಿಯ ತರ್ಕ ಎಲ್ಲ ಒಂದು ಕ್ಷಣದಲ್ಲಿ ಹಾರಿಹೋದವು. ಬಾಗಿಲು ತೆಗೆದ ಕೂಡಲೇ ಸರ್ ಕಣ್ಣು ಹೋಗುವುದು ಆ ಖಾಲಿ ಜಾಗಕ್ಕೆ. ಹನ್ನೆರಡು ವರ್ಷದ ಅವರ ಗುರುತನ್ನು ನಾನು ಬೋಲ್ಟ್ ಸಮೇತ ಕಿತ್ತು ಕಪಾಟಿನಲ್ಲಿಟ್ಟಿದ್ದೇನೆ. ಮುಖ ಹೇಗೆ ತೋರಿಸಲಿ?

ಶುಕ್ರವಾರ ತುಂಡನ್ನು ಹಿಡಿದು ಮಿಸ್ತ್ರಿಯ ಹತ್ತಿರ ಹೋದೆ. ಮಿಸ್ತ್ರಿ ನನ್ನನ್ನೂ ತುಂಡನ್ನೂ ನೋಡಿ, "ಈ ಕೆಲಸಕ್ಕ ನಾ ಕೈ ಹಚ್ಚೂದಿಲ್ಲ. ನಿಮ್ಮ ಬೆನ್ನು, ನಿಮ್ಮ ಬೋಲ್ಟ್" ಎಂದು ಪಾನಾ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನೇ ಮಲಗಿ, ಬೆವರಿ, ಬಿಗಿದೆ. ಕೌದಿ ತೆಗೆದು ಹಳೆಯ ಮೆತ್ತೆ ಹಾಕಿದೆ. ಸುಶೀಲಾ ಬಾಗಿಲಲ್ಲಿ ನಿಂತು, "ದವಾಖಾನಿ ಎಷ್ಟು ದಿನ ಬಂದ್ ಅಂತ ಬರೀಲಿ ಹಲಗಿ ಮ್ಯಾಲ?" ಎಂದು ಕೇಳಿದಳು. ನಾನು ಪಾನಾವನ್ನು ಸೀಟಿನ ಕೆಳಗೆ ತಳ್ಳಿ, ಶನಿವಾರ ಬೆಳಿಗ್ಗೆ ಹೊರಟೆ.

ಎಂಟು ತಿಂಗಳ ಸುಖ ಉಂಡ ಬೆನ್ನಿಗೆ ಹಳೆಯ ಶಿಕ್ಷೆ ಮೊದಲಿಗಿಂತ ಹತ್ತು ಪಟ್ಟು ಹೆಚ್ಚು. ಅಮೀನಗಡದಲ್ಲಿ ಸರ್‌ಗೆಂದು ಕರದಂಟು ಕೊಂಡೆ. ಅಂಗಡಿಯವನೇ ಕಾರಿಗೆ ಬಂದು ಕೊಟ್ಟ, ನಾನು ಇಳಿದರೆ ಮತ್ತೆ ಹತ್ತುವ ಭರವಸೆ ಇರಲಿಲ್ಲ. ಗುಳೇದಗುಡ್ಡ ದಾಟುವ ಹೊತ್ತಿಗೆ ಬಲಗಾಲು ಇದೆಯೋ ಇಲ್ಲವೋ ಎಂದು ಚಿವುಟಿ ನೋಡಿಕೊಂಡೆ. ಬಾದಾಮಿ ಸ್ಟೇಶನ್ ಮುಂದೆ ಟಾಂಗಾಗಳ ನಡುವೆ ಕಾರು ನಿಲ್ಲಿಸಿದಾಗ ಸರ್ ಆಗಲೇ ಬೇವಿನ ಮರದ ನೆರಳಿನಲ್ಲಿ ತಮ್ಮ ಟ್ರಂಕಿನ ಪಕ್ಕ ನಿಂತಿದ್ದರು. ಇನ್ನಷ್ಟು ಗಿಡ್ಡಾಗಿ, ತೆಳ್ಳಗಾಗಿ, ಬಿಳಿ ಕೂದಲಲ್ಲಿ ನಗುತ್ತಿದ್ದರು. ನಾನು ಬಾಗಿಲು ತೆಗೆದೆ. ಕೈಯೂರಿದೆ, ಮೊಣಕಾಲೂರಿದೆ, ಮುಂದಕ್ಕೆ ತೆವಳಿ ನೇರ ಅವರ ಪಾದಕ್ಕೇ ಬಂದು ಬಿದ್ದೆ.

"ಏಳೋ ತಮ್ಮಾ, ಸಾಕು, ಏಳು" ಎಂದರು ಸರ್.

"ಏಳಾಕ ಬರವಲ್ದು ಸರ್" ಎಂದೆ.

ಸರ್ಜನ್ ಅಲ್ಲವೆ? ಬಗ್ಗಿ ನನ್ನ ಬೆನ್ನೆಲುಬಿನ ಮೇಲೆ ಎರಡು ಬೆರಳು ಓಡಿಸಿದರು. ಒಂದು ಜಾಗದಲ್ಲಿ ಒತ್ತಿದರು, ನಾನು ಕೂಗಿದೆ. ಒಬ್ಬ ಟಾಂಗಾದವನ ಸಹಾಯದಿಂದ ನನ್ನನ್ನು ಟ್ರಂಕಿನ ಮೇಲೆ ಕೂಡಿಸಿ, ಅವರು ಹೋಗಿ ಕಾರಿನೊಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. ತಿರುಗಿ ನೋಡಿದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಇದನ್ನ ನೀ ಇನ್ನೂ ತಗದಿಲ್ಲೇನೋ?"

ಗುರುಗಳ ಮುಂದೆ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ತಗದಿದ್ದೆ ಸರ್. ನೀವು ಬರ್ತೀರಂತ ನಿನ್ನೆ ಮತ್ತ ಹಾಕೀನಿ. ನೀವು ಇಟ್ಟದ್ದು, ನಿಮಗ ಬ್ಯಾಸರ ಆಗಬಾರದಂತ…"

"ನಾ ಇಟ್ಟದ್ದಾ?" ಸರ್ ಬಾಗಿಲು ಹಿಡಿದು ನಿಂತರು. "ಇದನ್ನ ಇಟ್ಟವರು ನನಗ ಈ ಗಾಡಿ ಕೊಟ್ಟ ಇಂಗ್ಲಿಷ್ ಸರ್ಜನ್, ನಮ್ಮ ದೊಡ್ಡ ಸಾಹೇಬ್ರು. ಅವರಿಗೆ ದೂರದ್ದು ಕಾಣಸ್ತಿದ್ದಿಲ್ಲ. ಗಾಜಿಗೆ ಮೂಗು ಹಚ್ಚಿ ಗಾಡಿ ಹೊಡಿತಿದ್ರು. ಅದಕ್ಕ ಸೀಟು ಮುಂದ ತಂದು ಬಿಗಿಸಿದ್ರು. ಆಗ ನನಗ ಹೊಟ್ಟಿ ಎಷ್ಟಿತ್ತು ನೆನಪದ ಇಲ್ಲೋ? ಹನ್ನೆರಡು ವರ್ಷ, ತಮ್ಮಾ! ಹನ್ನೆರಡು ವರ್ಷ ಆ ಸ್ಟೇರಿಂಗು ನನ್ನ ಹೊಟ್ಟಿ ತಿಕ್ಕೇದ. ಬಲಕ್ಕ ತಿರಗಬೇಕಾದ್ರ ಉಸಿರು ಒಳಗ ಎಳಕೋತಿದ್ದೆ."

"ಮತ್ತ ನೀವ್ಯಾಕ ತಗೀಲಿಲ್ಲ ಸರ್?"

ಸರ್ ಉತ್ತರ ಕೊಡಲು ಬಾಯಿ ತೆರೆದರು. ನನ್ನನ್ನು ನೋಡಿದರು. ತುಂಡನ್ನು ನೋಡಿದರು. "ಸಾಹೇಬ್ರು ಇಟ್ಟದ್ದು…" ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿ, ನಗತೊಡಗಿದರು. ನನಗೆ ನಗಲು ಬೆನ್ನು ಬಿಡುತ್ತಿರಲಿಲ್ಲ, ಆದರೂ ನಕ್ಕೆ. ಗುರುಶಿಷ್ಯರಿಬ್ಬರೂ ಬಾದಾಮಿ ಸ್ಟೇಶನ್ ಮುಂದೆ ಒಂದೇ ಟ್ರಂಕಿನ ಮೇಲೆ ಕುಳಿತು ಕಣ್ಣೊರೆಸಿಕೊಳ್ಳುವುದನ್ನು ಟಾಂಗಾದವರು ಸುತ್ತ ನಿಂತು ನೋಡಿದರು. ಯಾರಿಗೋ ಏನೋ ಆಗಿರಬೇಕೆಂದು ಒಬ್ಬ ನೀರು ತಂದುಕೊಟ್ಟ.

ಸೀಟಿನ ಕೆಳಗೆ ಪಾನಾ ಇತ್ತು. ಸರ್ ತಾವೇ ಅಂಗಿಯ ತೋಳು ಮಡಿಚಿ, ನೆಲಕ್ಕೆ ಮೊಣಕಾಲೂರಿ, ಆಪರೇಶನ್ ಮಾಡುವಷ್ಟೇ ಶ್ರದ್ಧೆಯಿಂದ ಎರಡು ಬೋಲ್ಟ್ ಬಿಚ್ಚಿದರು. ಸೀಟು ಹಿಂದಕ್ಕೆ ಸರಿಯಿತು. ನಾನು ಈರಪ್ಪನ ಮಾತನ್ನು ಹೇಳಿದೆ: ಮಗ್ಗ ಅಪ್ಪಂದು, ಕುಣಿ ನಂದು. ಸರ್ ಅದನ್ನು ಎರಡು ಸಲ ಹೇಳಿಸಿಕೊಂಡರು. "ಮೂವತ್ತು ವರ್ಷ ಪಾಠ ಹೇಳಿದೆ. ನೋಡು, ಈ ಮಾತು ಹೇಳೂದು ನನಗ ತಿಳೀಲೇ ಇಲ್ಲ" ಎಂದರು. ಪಟ್ಟದಕಲ್ಲಿನವರೆಗೂ ಎಡಗಡೆ ಸೀಟಿನಲ್ಲಿ ಕುಳಿತು, ಮಲಪ್ರಭೆಯ ಗಾಳಿಗೆ ಬಿಳಿ ಕೂದಲು ಹಾರಿಸಿಕೊಂಡು, ಕರದಂಟು ತಿನ್ನುತ್ತ, "ನಿಧಾನ ಹೊಡಿ, ನಿಧಾನ ಹೊಡಿ, ಏನು ಅವಸರ ಅದ" ಎನ್ನುತ್ತಿದ್ದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಮತ್ತೆಂದೂ ಕಂಡಿಲ್ಲ. ತೇಗದ ತುಂಡು ಮಾತ್ರ ಅವರ ತೊಡೆಯ ಮೇಲೇ ಇತ್ತು. ಬಿಸಾಡೋಣವೆ ಎಂದು ಕೇಳಿದ್ದಕ್ಕೆ, "ಛೇ, ಸಾಹೇಬ್ರದು" ಎಂದು ಟ್ರಂಕಿನಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಒಯ್ದರು.

ಇದೆಲ್ಲ ಮುಗಿದು ವರ್ಷಗಳಾದವು. ಸರ್ ಈಗಿಲ್ಲ, ಅಜ್ಜಿಯೂ ಇಲ್ಲ. ಈರಪ್ಪನ ಮಗ್ಗಕ್ಕೆ ಅವನ ಮಗಳು ಕೂತಿದ್ದಾಳೆ. ಕುಣಿಗೆ ಇನ್ನೂ ನಾಲ್ಕು ಬೆರಳು ಮಣ್ಣು ಬಿತ್ತಂತೆ. ಎಂಬತ್ತರ ದಶಕ ಮುಗಿಯುತ್ತ ಬಂದ ಹಾಗೆ ನನ್ನ ಕಣ್ಣೂ ಮಂದವಾಗಿ, ಆ ಹಸಿರು ಕಾರನ್ನು ನನ್ನ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರ್ ರೇಣುಕಾಳಿಗೆ ಕೊಟ್ಟೆ. ಒಳ್ಳೆಯ ಹುಡುಗಿ, ನನಗಿಂತ ಚುರುಕು, ಎತ್ತರ ನಾಲ್ಕಡಿ ಹನ್ನೊಂದಿಂಚು. ಒಂದು ವಾರದ ಮೇಲೆ ನೋಡುತ್ತೇನೆ, ಬೆನ್ನ ಹಿಂದೆ ಎರಡು ತಲೆದಿಂಬು ಇಟ್ಟುಕೊಂಡು, ಸೀಟಿನ ತುದಿಯಲ್ಲಿ ಜಾರುತ್ತ, ಕಾಲ್ಬೆರಳ ತುದಿಯಿಂದ ಬ್ರೇಕ್ ಒತ್ತುತ್ತಿದ್ದಾಳೆ. ಸೀಟು ಮುಂದಕ್ಕೆ ಸರಿಯುತ್ತದೆ ಎಂದು ಗೊತ್ತಿಲ್ಲವೇ ಎಂದು ಕೇಳಿದೆ. "ಗೊತ್ತದ ಸರ್" ಎಂದಳು. "ಆದ್ರ ನೀವು ಇಷ್ಟು ವರ್ಷ ಕುಂತ ಜಾಗಾ. ನಾ ಸರಸೂದಿಲ್ಲ."

ತಕ್ಷಣ ಅವಳಿಗೆ ಈರಪ್ಪನ ಮಾತನ್ನು ಹೇಳಬೇಕಾಗಿತ್ತು. ಹೇಳಿದೆ, ಇಲ್ಲವೆನ್ನುವುದಿಲ್ಲ. ಆದರೆ ಅವಳಾಡಿದ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಹೇಳಲು ನನಗೆ ಪೂರ್ತಿ ಎರಡು ವಾರ ಹಿಡಿಯಿತು.